ಪ್ರೇಮಾಬಾಯಿಯವರ ನಾಲ್ಕು ಬಣ್ಣದ ಡಬ್ಬಿ

ಪ್ರೇಮಾಬಾಯಿ: ಬರೂದಿಲ್ಲ ಅಂದ್ರ ಬರೂದಿಲ್ಲ. ನಾಳೆ ದವಾಖಾನಿಗೆ ನೀವೊಬ್ಬರ ಹೋಗ್ರಿ.

ಮಾಸ್ತರು: ಒಬ್ಬನ ಹೋದ್ರ ಒಳಗ ಬಿಡೂದಿಲ್ಲ. ಮನ್ಯಾಗಿನವರು ಯಾರರೆ ಒಬ್ಬರು ಜೋಡಿ ಬರಬೇಕು ಅಂತ ಚೀಟಿಯೊಳಗ ಬರದಾರ.

ಪ್ರೇಮಾಬಾಯಿ: ಹಂಗಾರ ಆ ನರ್ಸಬಾಯಿನ್ನ ಜೋಡಿ ಮಾಡಿಕೋರಿ. ಅಕಿ ಮುಂದನ ಅಲ್ಲೇನು ನೀವು ನನ್ನ ಮರ್ಯಾದಿ ತಗದದ್ದು.

ಬಾಗಲಕೋಟೆಯ ನವನಗರದ ಒಂದು ಮನೆ. ಸಂಜೆ ನಾಲ್ಕು ಗಂಟೆ. ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿದೆ. ಒಳಗೆ ಕನ್ನಡಿಯ ಮುಂದೆ ಪ್ರೇಮಾಬಾಯಿ. ಹೊರಗೆ, ಬಾಗಿಲಿಗೆ ಕಿವಿಕೊಟ್ಟು ಕುರ್ಚಿಯ ಮೇಲೆ ಕುಳಿತವರು ಅವರ ಯಜಮಾನರಾದ ವಿಠ್ಠಲರಾಯರು, ನಿವೃತ್ತ ಡ್ರಾಯಿಂಗ್ ಮಾಸ್ತರು. ಮೂರು ವಾರದ ಹಿಂದೆ ಮಾಸ್ತರರ ಬಲಗಣ್ಣಿನ ಪೊರೆ ತೆಗೆದಿದ್ದಾರೆ. ನಾಳೆ ಬೆಳಿಗ್ಗೆ ಎಡಗಣ್ಣಿನ ಸರದಿ. ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ, ಆರು ವರ್ಷದ ಮಂಜು ಹರಿದು, ಮಾಸ್ತರರು ಮೊದಲು ಕಂಡದ್ದು ಹೆಂಡತಿಯ ಮುಖವನ್ನು. ಆ ಸಂತೋಷದಲ್ಲಿ ಅವರು ಡಾಕ್ಟರಿಗೂ ನರ್ಸಿಗೂ ಕೇಳುವಂತೆ ಒಂದು ವಾಕ್ಯ ಆಡಿಬಿಟ್ಟರು. ಇವತ್ತಿನ ಚಿಲಕ ಆ ವಾಕ್ಯದ್ದು.

ಮಾಸ್ತರು: ಅಂಥಾದ್ದೇನ ಅಂದೆ ನಾ? "ನಿನ್ನ ಕಣ್ಣ ಕೆಳಗ ಇಷ್ಟ ಕಪ್ಪು ಯಾವಾಗ ಆತು" ಅಂತ ಕೇಳಿದೆ. ಅದು ಕಾಳಜಿ.

ಪ್ರೇಮಾಬಾಯಿ: ಕಾಳಜಿಗೆ ಯಾರರೆ ನಗತಾರೇನು? ಅಕಿ ಬಾಯಿಗೆ ಕೈ ಅಡ್ಡ ಹಿಡಕೊಂಡು ನಕ್ಕಳು.

ಮಾಸ್ತರು: ಸಣ್ಣ ಹುಡುಗಿ, ಬಿಡು.

ಪ್ರೇಮಾಬಾಯಿ: ಅಕಿನ್ನ ಬಿಟ್ಟೆ. ನೀವು ಮನಿಗೆ ಬಂದ ಮ್ಯಾಲರೆ ಸುಮ್ಮನಿದ್ರೇನು? ಮರುದಿನ ಮುಂಜಾನೆ ಚಹಾ ಕುಡೀತ, "ನಿನ್ನ ಮೂಗಿನ ತುದಿಗೆ ಬಾದಾಮಿ ಗುಡ್ಡದ ಬಣ್ಣ ಬಂದದ" ಅಂದ್ರಿ.

ಮಾಸ್ತರು: ಬಾದಾಮಿ ಗುಡ್ಡ ನೋಡ್ಲಿಕ್ಕೆ ಪರದೇಶದ ಮಂದಿ ಬರ್ತಾರ.

ಪ್ರೇಮಾಬಾಯಿ: ನನ್ನ ಮೂಗಿಗೂ ಟಿಕೀಟು ಹಚ್ಚರಿ. ಅದರ ಮರುದಿನ, "ಗಲ್ಲದ ಮ್ಯಾಲೆ ಬಂಗು ನಕಾಶದ ಹಂಗ ಹರಡ್ಯದ, ಇದು ಕೃಷ್ಣಾ, ಇದು ಮಲಪ್ರಭಾ" ಅಂತ ಬೊಟ್ಟು ಮಾಡಿ ತೋರಿಸಿದ್ರಿ.

ಮಾಸ್ತರು: ಕೂಡಲಸಂಗಮ ಎಲ್ಲಿ ಬರ್ತದಂತ ತೋರಸಲಿಲ್ಲ. ಅಷ್ಟರ ಮಟ್ಟಿಗೆ ನಾ ಸುಮ್ಮನಿದ್ದೆ.

ಪ್ರೇಮಾಬಾಯಿ: ಒಂದ ಕಣ್ಣಿಗೆ ಇಷ್ಟು ಕಂಡದ. ನಾಳೆ ಎರಡನೇದೂ ತಗಿಸಿಕೊಂಡು ಬಂದ್ರ ನನ್ನ ಗತಿ ಏನು? ನಾಲ್ವತ್ನಾಕು ವರ್ಷ ಸಂಸಾರ ಮಾಡಿ ಈ ವಯಸ್ಸಿನಾಗ ನಾ ಮಾರಿ ಮುಚ್ಚಿಕೊಂಡು ತಿರಗಲೇನು?

ಮಾಸ್ತರು ಕುರ್ಚಿಯನ್ನು ಬಾಗಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ಮಾಸ್ತರು: ನನ್ನ ಅಡಚಣಿ ಸ್ವಲ್ಪ ಕೇಳು. ಹಳೇ ಬಾಗಲಕೋಟಿಯೊಳಗಿನ ನಿಮ್ಮ ತೌರಮನಿ ಓಣಿ ಚಿತ್ರಾ ತಗದುಕೊಡ್ರಿ ಅಂತ ಕೇಳಿದಾಕಿ ನೀನು. ಡ್ಯಾಮಿನ ನೀರಾಗ ಮುಳುಗಿದ ಓಣಿ, ಹೋಗಿ ನೋಡಿ ಬರ್ತೇನಿ ಅಂದ್ರ ಆಗೂದಿಲ್ಲ. ನೆನಪಿನ ಮ್ಯಾಲೆ ಅರ್ಧಾ ಮುಗಿಸೇನಿ. ಈಗ ಬಲಗಣ್ಣು ಒಂದು ಬಣ್ಣ ಹೇಳ್ತದ, ಎಡಗಣ್ಣು ಇನ್ನೊಂದು ಹೇಳ್ತದ. ಎರಡು ಕಣ್ಣಿನ ಜಗಳದಾಗ ನಿಮ್ಮಪ್ಪನ ಮನಿ ಬಾಗಿಲಕ್ಕ ನಾ ಯಾವ ಬಣ್ಣ ಹಚ್ಚಲಿ?

ಪ್ರೇಮಾಬಾಯಿ: ಹಸರಿತ್ತು.

ಮಾಸ್ತರು: ಹಸರಿತ್ತು ಅಂತ ನನಗೂ ಗೊತ್ತದ. ಎಂಥಾ ಹಸರು? ಅದಕ್ಕ ಎರಡೂ ಕಣ್ಣು ಬೇಕು.

ಒಳಗೆ ಡಬ್ಬಿಯ ಮುಚ್ಚಳ ತೆಗೆದು ಹಾಕುವ ಸದ್ದು.

ಮಾಸ್ತರು: ಒಂದು ತಾಸಾತು. ಒಳಗ ಏನು ನಡಸೀದಿ?

ಪ್ರೇಮಾಬಾಯಿ: ಕಲರ್ ಕರೆಕ್ಟರ್ ಹಚ್ಚಿಕೊಳ್ಳಿಕತ್ತೇನಿ. ಎದುರುಮನಿ ಸವಿತಾ ಕೊಟ್ಟಾಳ. ಒಂದು ಡಬ್ಬಿಯೊಳಗ ನಾಕು ಬಣ್ಣ. ಹಸರು, ಕೇಸರಿ, ಹಳದಿ, ನೇರಳೆ.

ಮಾಸ್ತರು: ಮಾರಿಗೆ ಹಸರು ಬಳಕೋತೀ?

ಪ್ರೇಮಾಬಾಯಿ: ಕೆಂಪಿದ್ದಲ್ಲಿ ಹಸರು. ಕಣ್ಣ ಕೆಳಗಿನ ಕಪ್ಪಿಗೆ ಕೇಸರಿ. ಮಾರಿ ಹಳದಿ ಹೊಡದಿದ್ರ ನೇರಳೆ. ಅದರ ಮ್ಯಾಲೆ ಮೈಬಣ್ಣದ ಕ್ರೀಮು ತೆಳ್ಳಗ ಸವರಿದ್ರ ಎಲ್ಲಾ ಒಂದ ಸಮ ಕಾಣ್ತದ. ಹಿಂತಾದ್ದೆಲ್ಲಾ ನಿಮಗ ತಿಳೀಲಿಕ್ಕಿಲ್ಲ.

ಮಾಸ್ತರು: ನನಗ ತಿಳೀಲಿಕ್ಕಿಲ್ಲ? ಮೂವತ್ತಾರು ವರ್ಷ ಕರಿಹಲಗಿ ಮ್ಯಾಲೆ ಬಣ್ಣದ ಚಕ್ರಾ ತಗದು ಕಲಿಸಿದ್ದು ಇನ್ನೇನು? ಎದುರುಬದುರು ಕೂಡೂ ಬಣ್ಣ ಬೆರತ್ರ ಒಂದರ ಸೊಕ್ಕು ಇನ್ನೊಂದು ಮುರೀತದ.

ಪ್ರೇಮಾಬಾಯಿ: ಗಂಡಾ ಹೆಂಡತಿ ಹಂಗ.

ಮಾಸ್ತರು: ಆದ್ರ ಪ್ರಮಾಣ ನೋಡಿ ಹಾಕಬೇಕು. ಹೆಚ್ಚಾತು ಅಂದ್ರ—

ಪ್ರೇಮಾಬಾಯಿ: ನಿಮ್ಮ ಸಾಲಿ ಮುಗದದ. ಇವತ್ತ ಪರೀಕ್ಷಾ ನಿಮ್ಮ ಬಲಗಣ್ಣಿಗೆ. ನಾ ಹೊರಗ ಬರ್ತೇನಿ, ನೀವು ನೋಡಬೇಕು. ನನ್ನ ಮಾರಿ ಮ್ಯಾಲೆ ಒಂದ ಕಲೆ ಕಂಡ್ರೂ ನಾಳೆ ನಾ ಬರೂದಿಲ್ಲ. ಒಂದೂ ಕಾಣಲಿಲ್ಲ ಅಂದ್ರ ಏಳು ಗಂಟೇಕ್ಕ ಆಟೋ ಹೇಳ್ರಿ, ಬರ್ತೇನಿ. ಸುಳ್ಳು ಹೇಳಿದ್ರ ಗೊತ್ತಾಗ್ತದ. ಸುಳ್ಳು ಹೇಳುವಾಗ ನಿಮ್ಮ ಕಿವಿ ಅಲಗಾಡ್ತಾವ.

ಚಿಲಕ ತೆಗೆದ ಸದ್ದಾಯಿತು. ಪ್ರೇಮಾಬಾಯಿ ಇಳಕಲ್ಲ ಸೀರೆಯ ಕೆಂಪು ಸೆರಗನ್ನು ಮುಖಕ್ಕೆ ಎಳೆದುಕೊಂಡು, ಮದುಮಗಳಂತೆ ಎರಡು ಹೆಜ್ಜೆ ಮುಂದೆ ಬಂದು ನಿಂತರು. ಆಮೇಲೆ ಸೆರಗು ಸರಿಸಿದರು.

ಮಾಸ್ತರು ಎದ್ದು ನಿಂತರು. ಮತ್ತೆ ಕುಳಿತರು. ಹೆಂಡತಿಯ ಮುಖ ಹಣೆಯಿಂದ ಗದ್ದದವರೆಗೆ, ಸಂತೆಯಲ್ಲಿ ಆರಿಸಿ ತಂದ ಎಳೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಮೈಬಣ್ಣದ ಕ್ರೀಮು ಅದರ ಮೇಲೆ ಬಿದ್ದು, ಅದನ್ನು ಮುಚ್ಚಲಾರದೆ, ಅಲ್ಲಲ್ಲಿ ಬೂದಿ ಬಳಿದ ಹಾಗೆ ನಿಂತಿತ್ತು. ಮಾಸ್ತರು ಬಲಗಣ್ಣನ್ನು ಒರೆಸಿಕೊಂಡು ನೋಡಿದರು. ಬಣ್ಣ ಹೋಗಲಿಲ್ಲ. ನಾಳಿನ ದವಾಖಾನೆ ಅವರ ಕಣ್ಣ ಮುಂದೆ ಬಂತು. ಮೆಲ್ಲಗೆ, ಹಣೆ ತುರಿಸುವವರಂತೆ, ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಎಡಗಣ್ಣಿನಿಂದ ನೋಡಿದರು. ಆ ಹಳೆಯ ಹಳದಿ ಮಂಜಿನೊಳಗೆ ನೇರಳೆಯೂ ಇರಲಿಲ್ಲ, ಕಪ್ಪೂ ಇರಲಿಲ್ಲ. ಎಂದಿನ ಪ್ರೇಮಾಬಾಯಿ ನಿಂತಿದ್ದರು.

ಮಾಸ್ತರು: ಒಂದೂ ಕಲೆ ಇಲ್ಲ. ನಮ್ಮ ಲಗ್ನದ ಫೋಟೋದೊಳಗ ಇದ್ದಾಂಗ ಇದ್ದಿ.

ಪ್ರೇಮಾಬಾಯಿ: ಕಿವಿ ಅಲಗಾಡಲಿಲ್ಲ. ಖರೆ ಹೇಳೀರಿ. (ಹತ್ತಿರ ಬಂದು) ಹಣಿ ಮ್ಯಾಲೆ ಕೈ ಯಾಕ?

ಮಾಸ್ತರು: ತುರಿಸ್ತು.

ಪ್ರೇಮಾಬಾಯಿ: ಹಣಿ ಇನ್ನೂ ಮ್ಯಾಲೆ ಅದ. ಕೈ ಕಣ್ಣ ಮ್ಯಾಲೆ ಅದ. ಪರೀಕ್ಷಾ ಬಲಗಣ್ಣಿಗೆ ಅಂದಿದ್ದೆ. ಕೈ ತಗೀರಿ.

ಮಾಸ್ತರು: ಎಡಗಣ್ಣಿಗೂ ಒಂದು ಮಾತಿರ್ತದಲಾ.

ಪ್ರೇಮಾಬಾಯಿ: ಅದರ ಮಾತು ಆರು ವರ್ಷ ಕೇಳೇನಿ. ತಗೀರಿ.

ಮಾಸ್ತರು ಕೈ ತೆಗೆದರು.

ಪ್ರೇಮಾಬಾಯಿ: ಈಗ ಹೇಳ್ರಿ.

ಮಾಸ್ತರು: ಕಲೆ ಇಲ್ಲ. ಇದು ಬಲಗಣ್ಣಿನ ಮಾತು. ಎಲ್ಲಾ ಒಂದ ಸಮ ಆಗ್ಯದ.

ಪ್ರೇಮಾಬಾಯಿ: ಆದ್ರ?

ಮಾಸ್ತರು: "ಆದ್ರ" ಅಂತ ನಾ ಅಂದಿಲ್ಲ.

ಪ್ರೇಮಾಬಾಯಿ: ನಿಮ್ಮ ಮಾರಿ ಅಂದದ.

ಮಾಸ್ತರು: ನಮ್ಮ ಕಂಪೌಂಡ್ ಗ್ವಾಡಿ ಬಣ್ಣ ಆಗ್ಯದ.

ಪ್ರೇಮಾಬಾಯಿ: ಅಂದ್ರ ನನ್ನ ಮಾರಿ ಬೂದಿ ಬಣ್ಣ ಆಗ್ಯದ ಅಂತೀರಿ.

ಮಾಸ್ತರು: ಗ್ವಾಡಿ ಬೂದಿ ಬಣ್ಣ ಅಲ್ಲ. ನೇರಳೆ.

ಪ್ರೇಮಾಬಾಯಿ: ಎರಡು ವರ್ಷದ ಹಿಂದ ಬೂದಿ ಬಣ್ಣ ಅಂತ ಆರಿಸಿ ಹಚ್ಚಿಸಿದವರು ನೀವು. ನಾನೂ ನೋಡಿ ಹೂಂ ಅಂದೆ. ಇವತ್ತ ಮುಂಜಾನೆ ರಂಗೋಲಿ ಹಾಕುವಾಗೂ ಬೂದಿನ ಇತ್ತು. ಈಗ ಅದಕ್ಕೂ ನಿಮ್ಮ ಬಲಗಣ್ಣು ಹೆಸರಿಡ್ತದೇನು? ಆಪರೇಶನ್ ಆದ ಕಣ್ಣಿಗೆ ಸ್ವಲ್ಪ ದಿನ ಎಲ್ಲಾ ನೀಲಿ ನೀಲಿ ಕಾಣ್ತದಂತ ಡಾಕ್ಟರ ಹೇಳಿಲ್ಲೇನು?

ಮಾಸ್ತರು: ಹೇಳ್ಯಾರ. ಅದಕ್ಕ ಧೋತರದ ಸುದ್ದೀನೂ ನಾ ತಗದಿಲ್ಲ.

ಪ್ರೇಮಾಬಾಯಿ: ಧೋತರಕ್ಕ ಏನಾಗ್ಯದ?

ಮಾಸ್ತರು: ಆಕಾಶ ಆಗ್ಯದ.

ಪ್ರೇಮಾಬಾಯಿ: ನಾ ಕೈಯಾರೆ ಒಗದ ಧೋತರ, ಬಕಪಕ್ಷಿ ಹಂಗ ಬೆಳ್ಳಗ ಅದ. ನಿಮ್ಮ ಕಣ್ಣ ಕೆಟ್ಟದ. ಕೆಟ್ಟ ಕಣ್ಣು ಇಟಗೊಂಡು ನನ್ನ ಮಾರಿಗೆ ಮೂರು ವಾರ ಹೆಸರಿಟ್ರಿ. ಸವಿತಾನ್ನ ಕರೀರಿ. ಅಕಿ ಹೇಳಲಿ.

ಮಾಸ್ತರು ಬಾಗಿಲಿಗೆ ಹೋಗಿ ಎದುರುಮನೆಗೆ ಕೂಗು ಹಾಕಿದರು. ಸವಿತಾ ಮರೋಳದ ಹೆಣ್ಣು. ಮದುವೆಯಾಗಿ ಈ ಓಣಿಗೆ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಹುಡುಗಿಯಾಗಿದ್ದಾಗ ಅಲ್ಲಿಯ ಶಾಲೆಯಲ್ಲಿ ಮಾಸ್ತರರ ತರಗತಿಯಲ್ಲಿ ಕುಳಿತವಳು. ಎಲ್ಲ ಬಣ್ಣಗಳನ್ನೂ ಒಂದೇ ಬಟ್ಟಲಿನಲ್ಲಿ ಕಲಸಿ ಕೆಸರು ಮಾಡಿದ್ದಕ್ಕೆ ಅವರಿಂದ ಕಿವಿ ಹಿಂಡಿಸಿಕೊಂಡವಳು. ಕೈಯಲ್ಲಿ ಬಾಚಣಿಗೆ ಹಿಡಿದೇ ಓಡಿ ಬಂದಳು.

ಸವಿತಾ: ಏನ್ರಿ ಸರ್ರ, ಕಣ್ಣಿಗೆ ಏನರ— (ಪ್ರೇಮಾಬಾಯಿಯನ್ನು ನೋಡಿ) ಯವ್ವಾ.

ಪ್ರೇಮಾಬಾಯಿ: ಯಾಕ?

ಸವಿತಾ: ಏನಿಲ್ರಿ ಅಮ್ಮಾರ. ಡಬ್ಬಿ ಎಲ್ಲೈತ್ರಿ? ಮೊದಲ ಡಬ್ಬಿ ತೋರಸ್ರಿ.

ಡಬ್ಬಿ ಬಂತು. ಹಸಿರು ಬಣ್ಣದ ಮೇಲೆ ಬೆರಳಿನ ಒಂದು ಗುರುತು. ಕೇಸರಿಯ ಮೇಲೆ ಒಂದು. ಹಳದಿ ಇದ್ದ ಹಾಗೇ ಇದೆ. ನೇರಳೆಯ ಮನೆ ಮಾತ್ರ ಖಾಲಿಯಾಗಿ ತಳ ಹೊಳೆಯುತ್ತಿದೆ.

ಸವಿತಾ: ಆರ ತಿಂಗಳ ಬರೂ ಡಬ್ಬಿರಿ ಇದು. ಒಂದ ತಾಸಿನಾಗ ತಳಾ ಕಂಡೈತಿ.

ಪ್ರೇಮಾಬಾಯಿ: ಏನ ಮಾಡ್ಲಿ, ಹಳದಿ ಹೋಗಲೇ ಇಲ್ಲ. ಹಚ್ಚಿದೆ, ಕನ್ನಡಿ ನೋಡಿದೆ, ಇನ್ನೂ ಹಳದಿ. ಮತ್ತ ಹಚ್ಚಿದೆ. ನಿನ್ನ ನೇರಳೆಯೊಳಗ ಜೋರಿಲ್ಲ.

ಸವಿತಾ: ನಿಮ್ಮ ಮಾರಿ ಹಳದಿ ಎಲ್ಲಿತ್ರಿ? ನಿಮಗ ಕೇಸರಿ ಚೂರು, ಹಸರು ಚೂರು ಸಾಕು, ನೇರಳೆ ಮುಟ್ಟಬ್ಯಾಡ್ರಿ ಅಂತ ಹೇಳಿ ಕಳಿಸಿದ್ನಿ.

ಪ್ರೇಮಾಬಾಯಿ: ನನ್ನ ಮಾರಿ ನನಗ ಗೊತ್ತಿಲ್ಲೇನು? ನಿನ್ನ ಕಣ್ಣ ತಪ್ಪಿರಬೇಕು ಅಂತ ಬಿಟ್ಟೆ. ನಮಗೇನು ಇದು ಹೊಸಾ ವಿದ್ಯಾ ಅಲ್ಲ. ಬಿಳೇ ಅರಬಿಗೆ ನೀಲಿ ಹಾಕೂದಿಲ್ಲೇನು? ಹಳದಿ ಹೊಡದ ಧೋತರಕ್ಕ ಎರಡು ಹನಿ ನೀಲಿ. ಹೋಗಲಿಲ್ಲಂದ್ರ ನಾಕು. ಇದೂ ಹಂಗ.

ಸವಿತಾ ಮೆಲ್ಲಗೆ ತಲೆ ತಿರುಗಿಸಿ ಮಾಸ್ತರರ ಧೋತರವನ್ನು ನೋಡಿದಳು.

ಸವಿತಾ: ಅಮ್ಮಾರ, ಸರ್ ಧೋತರಕ್ಕ ಈಗ ಎಷ್ಟ ಹನಿ ಹಾಕ್ತೀರಿ?

ಪ್ರೇಮಾಬಾಯಿ: ಹನಿ ಎಲ್ಲಿ ಹತ್ತಬೇಕು? ಈಗಿನ ನೀಲಿಯೊಳಗ ಸತ್ವನ ಇಲ್ಲ. ಅರ್ಧಾ ಬಾಟ್ಲಿ ಸುರೀತೇನಿ.

ಮಾಸ್ತರು: ಸವಿತಾ, ಅಂಜಬ್ಯಾಡ. ಈ ಧೋತರ ಯಾವ ಬಣ್ಣ ಹೇಳು.

ಸವಿತಾ: ನೀಲಿರಿ.

ಮಾಸ್ತರು: ಕಣ್ಣು ಸರಿ ಇದ್ದವರಿಗೂ ನೀಲಿ?

ಸವಿತಾ: ಓಣಿಗೆಲ್ಲಾ ನೀಲಿರಿ, ಎರಡು ವರ್ಷಾತು. ಸರ್ ಹೊಸಾ ಪದ್ಧತಿ ಮಾಡ್ಯಾರ ಅಂತ ತಿಳಕೊಂಡಿದ್ವಿ.

ಮಾಸ್ತರು: ಎರಡು ವರ್ಷ ನಾ ನೀಲಿ ಧೋತರದಾಗ ತಿರಗ್ಯಾಡೇನಿ?

ಸವಿತಾ: ಇಲ್ರಿ ಸರ್ರ. ಮೊದಲನೇ ವರ್ಷ ತಿಳಿ ಇತ್ತು.

ಮಾಸ್ತರರ ಮುಖ ಅರಳಿತು. ಧೋತರ ಹೋದರೆ ಹೋಯಿತು, ಕಣ್ಣು ಉಳಿಯಿತು.

ಮಾಸ್ತರು: ಕೇಳಿದ್ಯಾ? ನನ್ನ ಬಲಗಣ್ಣು ಖರೆ ಹೇಳ್ತದ. ಸವಿತಾ, ಆ ಗ್ವಾಡಿ ಬಣ್ಣನೂ ಹೇಳಿಬಿಡು.

ಸವಿತಾ: ಅದರಾಗ ಹೇಳೂದೇನೈತ್ರಿ. ಸ್ಟ್ಯಾಂಡಿನಾಗ ಬದನೀಕಾಯಿ ಮನಿ ಅಂದ್ರ ಸಾಕು, ಆಟೋದವರು ಸೀದಾ ಇಲ್ಲಿಗೆ ತಂದು ನಿಂದರಸ್ತಾರ.

ಪ್ರೇಮಾಬಾಯಿ: ಅದು ನನ್ನ ಬದನೀಕಾಯಿ ಎಣಗಾಯಿ ಸಲುವಾಗಿ ಅಲಾ?

ಎರಡು ವರ್ಷಗಳಿಂದ ಪ್ರೇಮಾಬಾಯಿ ಆ ಹೆಸರು ಕೇಳಿದಾಗಲೆಲ್ಲ ಸೆರಗು ಸರಿಪಡಿಸಿಕೊಂಡು ನಕ್ಕವರು. ಒಮ್ಮೆ ಆಟೋದವನಿಗೆ ಒಂದು ಬಟ್ಟಲು ಎಣಗಾಯಿಯನ್ನೂ ಕೊಟ್ಟು ಕಳಿಸಿದ್ದರು.

ಸವಿತಾ (ಬಾಚಣಿಗೆಯ ಹಲ್ಲು ಎಣಿಸುತ್ತ): ಅದೂ ಇದ್ದೀತ್ರಿ.

ಪ್ರೇಮಾಬಾಯಿ: ಎಲ್ಲಾ ಇವರಿಂದ. ಗ್ವಾಡಿ ಬಣ್ಣ ಆರಿಸಿದವರು ಇವರು.

ಮಾಸ್ತರು: ಹೂಂ ಅಂದಾಕಿ ನೀನು. ನನ್ನ ಕಣ್ಣಿಗೆ ಆವಾಗ ಪೊರಿ ಇತ್ತು.

ಸವಿತಾ: ಒಂದ ನಿಮಿಷ ತಡೀರಿ. ಸರ್ ಕಣ್ಣಿಗೆ ಪೊರಿ ಇತ್ತು, ನೇರಳೆ ಬೂದಿ ಕಂಡತು. ಅಮ್ಮಾರ, ನಿಮಗ ಯಾಕ ಬೂದಿ ಕಾಣತೈತಿ?

ಪ್ರೇಮಾಬಾಯಿ: ಬೂದಿ ಇದ್ದದ್ದು ಬೂದಿ ಕಾಣ್ತದ.

ಸವಿತಾ ಅಡಿಗೆಮನೆಗೆ ಹೋಗಿ, ಕಾಸಿ ಇಟ್ಟಿದ್ದ ಹಾಲಿನ ಪಾತ್ರೆಯನ್ನು ಎತ್ತಿಕೊಂಡು ಬಂದಳು.

ಸವಿತಾ: ಇದ್ಯಾವ ಬಣ್ಣ ಹೇಳ್ರಿ?

ಪ್ರೇಮಾಬಾಯಿ: ಹಳದಿ. ನಾನ ಈ ಮಾತು ತಗೀಬೇಕು ಅಂತಿದ್ದೆ, ನಿನಗ ಬ್ಯಾಸರ ಆದೀತು ಅಂತ ಬಿಟ್ಟಿದ್ದೆ. ನಿಮ್ಮತ್ತಿ ರೇಣವ್ವಗ ಹೇಳು, ಎಮ್ಮಿ ಹಾಲು ಅಂತ ಹೇಳಿ ಆಕಳ ಹಾಲು ಬೆರಸೂದು ಛಲೋ ಅಲ್ಲ. ಇದ ಕಾರಣಕ್ಕ ಮೊದಲಿನ ಇಬ್ಬರು ಹಾಲಿನವರನ್ನ ಬಿಡಿಸೇನಿ.

ಸವಿತಾ: ಅಮ್ಮಾರ, ನಮ್ಮ ಮನ್ಯಾಗ ಆಕಳಾ ಇಲ್ರಿ.

ಪ್ರೇಮಾಬಾಯಿ: ಇಲ್ಲ?

ಸವಿತಾ: ಎರಡು ಎಮ್ಮಿ, ಒಂದು ಕರಾ. ಅದೂ ಎಮ್ಮಿ ಕರಾ.

ಪ್ರೇಮಾಬಾಯಿ ಹಾಲನ್ನು ನೋಡಿದರು. ಧೋತರವನ್ನು ನೋಡಿದರು. ಬಾಗಿಲಾಚೆ ಕಂಪೌಂಡ್ ಗೋಡೆಯನ್ನು ನೋಡಿದರು. ಆಮೇಲೆ ಕೋಣೆಯ ಕನ್ನಡಿಯ ಕಡೆಗೆ ತಿರುಗಿದರು.

ಮಾಸ್ತರು (ಮೆತ್ತಗೆ): ಪ್ರೇಮಾ, ಹಳದಿ ಮಾರಿಯೊಳಗ ಇರಲಿಲ್ಲ. ಕಣ್ಣೊಳಗ ಅದ. ನಿನಗೂ ಪೊರಿ ಬಂದದ.

ಪ್ರೇಮಾಬಾಯಿ: ನನಗ ಎಲ್ಲಾ ಛಂದಾಗಿ ಕಾಣ್ತದ.

ಮಾಸ್ತರು: ನನಗೂ ಛಂದಾಗೇ ಕಾಣ್ತಿತ್ತು. ಮೂರು ವಾರದ ಹಿಂದಿನ ತನಕ.

ಪ್ರೇಮಾಬಾಯಿ: ಅಂದ್ರ ಒಂದು ತಾಸಿನಿಂದ ನಾ ಇಲ್ಲದ್ದ ಕಲೆ ಒರಸಲಿಕ್ಕೆ ಹೋಗಿ—

ಸವಿತಾ: ಅಳಬ್ಯಾಡ್ರಿ ಅಮ್ಮಾರ. ಅತ್ರ ನೇರಳೆ ಕೊರಳಿಗೆ ಇಳೀತೈತಿ. ಬರ್ರಿ, ಮಾರಿ ತೊಳಕೋರಿ. ಹತ್ತ ನಿಮಿಷದ ಕೆಲಸ.

ಪ್ರೇಮಾಬಾಯಿ ಅಳಬೇಕೆಂದು ಹೊರಟವರು ನಕ್ಕುಬಿಟ್ಟರು. ನಗು ತಡೆಯದೆ ಗೋಡೆಗೆ ಆತುಕೊಂಡಾಗ ಸುಣ್ಣದ ಮೇಲೆ ಅರ್ಧ ಕೆನ್ನೆಯ ನೇರಳೆ ಗುರುತು ಮೂಡಿತು. ಮೂರು ಸಲ ಸಾಬೂನು ಹಚ್ಚಿ ತೊಳೆದ ಮೇಲೆ ಅವರ ಸ್ವಂತ ಮುಖ ಹೊರಬಂತು. ಸವಿತಾ ಅವರನ್ನು ಕಿಟಕಿಯ ಬೆಳಕಿಗೆ ಕೂರಿಸಿದಳು. ಮಾಸ್ತರು ಹಿಂದೆ ಬಂದು ನಿಂತರು.

ಸವಿತಾ: ಕಣ್ಣ ಕೆಳಗ ಕೇಸರಿ, ಅಕ್ಕಿಕಾಳಷ್ಟ. ತಿಕ್ಕಬಾರದ್ರಿ, ಬೆರಳ ತುದೀಲೆ ತಟ್ಟಬೇಕು.

ಮಾಸ್ತರು: ಇನ್ನೊಂಚೂರು ಎಡಕ್ಕ. ಅಲ್ಲೆ ನೆರಳದ.

ಸವಿತಾ: ಮೂಗಿನ ತುದಿಗೆ ಹಸರು, ಸಾಸಿವಿಕಾಳಷ್ಟ.

ಮಾಸ್ತರು: ಹಸರು ದಪ್ಪಾತು. ಅಂಚು ಒಡೀಬೇಕು, ಇಲ್ಲಂದ್ರ ಬ್ಯಾರೆ ಕಾಣ್ತದ.

ಸವಿತಾ: ಸರ್ರ, ಕಿವಿ ಹಿಂಡೂ ಸರದಿ ಈಗ ನಂದೈತಿ. ಸುಮ್ನ ಕುಂದರ್ರಿ.

ಮಾಸ್ತರು: ನಾ ಕಲಿಸಿದ್ದು ಅದು.

ಸವಿತಾ: ನೀವ ಕಲಿಸಿದ್ದಕ್ಕ ಇವತ್ತ ನನ್ನ ಅಂಗಡಿ ನಡೀತೈತಿ. ಅದಕ್ಕ ಇಷ್ಟ ಹೊತ್ತು ನಿಂದರಾಕ ಬಿಟ್ಟೇನಿ.

ಮಾಸ್ತರು ತೆಪ್ಪಗೆ ಕುರ್ಚಿಗೆ ಹೋದರು. ಮೇಲೆ ಮೈಬಣ್ಣದ ತೆಳುವಾದ ಒಂದು ಪದರ ಬಿತ್ತು. ಸವಿತಾ ಪ್ರೇಮಾಬಾಯಿಯನ್ನು ತಿರುಗಿಸಿ ನಿಲ್ಲಿಸಿದಳು.

ಸವಿತಾ: ನೋಡ್ರಿ ಸರ್ರ. ಎರಡೂ ಕೈ ಕೆಳಗ.

ಮಾಸ್ತರು ನೋಡಿದರು. ಬಹಳ ಹೊತ್ತು ನೋಡಿದರು. ಪ್ರೇಮಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

ಮಾಸ್ತರು: ಕಣ್ಣ ಕೆಳಗ ಕಪ್ಪಿಲ್ಲ. ಮೂಗು ಮೂಗಿನ ಬಣ್ಣ ಅದ. ಕೃಷ್ಣಾನೂ ಇಲ್ಲ, ಮಲಪ್ರಭಾನೂ ಇಲ್ಲ. ಆದ್ರ—

ಪ್ರೇಮಾಬಾಯಿ: ಬಂತು ನೋಡವಾ "ಆದ್ರ". ನಾ ಬರೂದಿಲ್ಲ ನಾಳೆ.

ಮಾಸ್ತರು: ಪೂರ್ತಿ ಕೇಳು. ತುಟಿ ಬಾಜೂಕ ಒಂದು ಮಚ್ಚೆ ಇತ್ತಲಾ. ಅದೆಲ್ಲಿ ಹೋತು?

ಸವಿತಾ: ಕ್ರೀಮಿನಾಗ ಮುಚ್ಚೇತ್ರಿ. ಅದೂ ಕಲೆನ ಅಲಾ?

ಮಾಸ್ತರು: ಅಲ್ಲ. ನಾ ಕನ್ಯಾ ನೋಡ್ಲಿಕ್ಕೆ ಹೋದಾಗ ಇಕಿ ಅವಲಕ್ಕಿ ತಾಟು ಹಿಡಕೊಂಡು ತಲಿ ಬಗ್ಗಿಸಿ ನಿಂತಿದ್ದಳು. ಮಾರಿ ಅರ್ಧಾನೂ ಕಾಣಲಿಲ್ಲ. ಕಂಡದ್ದು ಆ ಮಚ್ಚೆ ಒಂದ. ಅದನ್ನ ನೋಡಿ ಹೂಂ ಅಂದೆ. ಆರು ವರ್ಷ ಮಂಜಿನಾಗ ಕಳಕೊಂಡಿದ್ದೆ. ಪಟ್ಟಿ ಬಿಚ್ಚಿದ ದಿನ ಮೊದಲ ಅದನ್ನ ಹುಡುಕಿದೆ, ಸಿಕ್ತು. ಆಮ್ಯಾಲೆ ಕಣ್ಣ ಕೆಳಗಿನ ಕಪ್ಪು ಕಂಡ್ತು. ಬಾಯಿಲೆ ಮಾತ್ರ ಕಪ್ಪಿನ ಮಾತು ಮೊದಲ ಬಂತು.

ಪ್ರೇಮಾಬಾಯಿ: ನರ್ಸಬಾಯಿ ಮುಂದ ಈ ಮಾತು ಮೊದಲ ಬಂದಿದ್ರ ಈ ಡಬ್ಬಿ ಬೇಕಾಗಿರಲಿಲ್ಲ. (ಸವಿತಾಳ ಕಡೆ ತಿರುಗಿ) ಈ ಗಂಡಸರಿಗೆ ಕಲೆ ಇದ್ರೂ ಜಗಳ, ಹೋದ್ರೂ ಜಗಳ. ಒರಸು, ಒರಸು, ಆ ಮಚ್ಚೆ ಹೊರಗ ತಗಿ.

ಸವಿತಾ ಒದ್ದೆ ಬಟ್ಟೆಯ ತುದಿಯಿಂದ ಒರೆಸಿದಳು. ಸಾಸಿವೆಯಷ್ಟು ಕರಿಯ ಮಚ್ಚೆ ಹೊರಗೆ ಬಂತು. ಮಾಸ್ತರು ತಲೆಯಾಡಿಸಿದರು.

ಮಾಸ್ತರು: ಹಂಗಾರ ನಾಳೆ?

ಪ್ರೇಮಾಬಾಯಿ: ಏಳು ಗಂಟೇಕ್ಕ ಆಟೋ ಹೇಳ್ರಿ. ಬದನೀಕಾಯಿ ಮನಿ ಅಂತನ ಹೇಳ್ರಿ, ಲಗೂ ಬರ್ತಾನ.

ಮಾಸ್ತರು: ಬಂಗಾರದಂಥಾ ಮಾತು.

ಪ್ರೇಮಾಬಾಯಿ: ಬರೇ ನಿಮ್ಮ ಜೋಡಿಗಂತ ಬರೂದಿಲ್ಲ. ನನ್ನ ಕಣ್ಣೂ ತೋರಸ್ತೇನಿ. ಎರಡೂ ಪೊರಿ ತಗಿಸಿಬಿಡ್ತೇನಿ.

ಮಾಸ್ತರು: ಛಲೋ ಆತು. ಭಾಳ ಛಲೋ— (ನಿಂತು) ಎರಡೂನೂ?

ಪ್ರೇಮಾಬಾಯಿ: ಎರಡೂನೂ. ಮೂರು ವಾರ ನೀವು ನನ್ನ ಮಾರಿ ಓದಿ ಹೇಳೀರಿ. ಇನ್ನ ಮ್ಯಾಲೆ ನಾ ನಿಮ್ಮದು ಓದ್ತೇನಿ. ಸವಿತಾ, ಕೂಡು, ಚಹಾ ಮಾಡ್ತೇನಿ. ನಿಮ್ಮ ಎಮ್ಮಿ ಹಾಲಿಂದು.

ಪ್ರೇಮಾಬಾಯಿ ಹಾಲಿನ ಪಾತ್ರೆ ಎತ್ತಿಕೊಂಡು ಹುರುಪಿನಿಂದ ಅಡಿಗೆಮನೆಗೆ ಹೋದರು. ಹೊಸ ಕಣ್ಣು ಬಂದ ಈ ಮೂರು ವಾರದಲ್ಲಿ ಮಾಸ್ತರು ಹೆಂಡತಿಯ ಮುಖ, ಗೋಡೆ, ಧೋತರ ಎಲ್ಲವನ್ನೂ ಪರೀಕ್ಷೆ ಮಾಡಿದ್ದರು. ದಾಡಿಯನ್ನು ಕನ್ನಡಿಯಿಲ್ಲದೆ ಕೈರೂಢಿಯಿಂದ ಮಾಡಿಕೊಳ್ಳುವವರಾದ್ದರಿಂದ ಒಂದು ಮುಖ ಮಾತ್ರ ಉಳಿದಿತ್ತು. ಈಗ ಮೆಲ್ಲಗೆ ಕೋಣೆಯ ಕನ್ನಡಿಯ ಮುಂದೆ ಹೋಗಿ ನಿಂತು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಬಲಗಣ್ಣನ್ನೂ ಮುಚ್ಚಿದರು.

ಮಾಸ್ತರು (ಹೊರಗೆ ಬಂದು, ದನಿ ತಗ್ಗಿಸಿ): ಸವಿತಾ, ಇಕಿ ಆಪರೇಶನ್ ಆಗಿ ಪಟ್ಟಿ ಬಿಚ್ಚಲಿಕ್ಕೆ ಎಷ್ಟು ದಿನ ಹಿಡೀಬಹುದು?

ಸವಿತಾ: ಪಟ್ಟಿ ಮರುದಿನನ ಬಿಚ್ಚತಾರಲ್ರಿ. ನಿಮಗೂ ಹಂಗ ಆತಲಾ.

ಮಾಸ್ತರು: ಮರುದಿನನ? (ಇನ್ನೂ ತಗ್ಗಿಸಿ) ಹಂಗಾರ ಒಂದು ಮಾತು. ಆ ಡಬ್ಬಿ ಗಂಡಸರಿಗೂ ನಡೀತದೇನವಾ?

ಸವಿತಾ (ಅವರನ್ನು ಮೇಲಿಂದ ಕೆಳಗೆ ನೋಡಿ): ನಡೀತೈತ್ರಿ. ಯಾವ ಬಣ್ಣ ಕೊಡ್ಲಿ?

ಮಾಸ್ತರು: ನಾಕೂ ಕೊಡು.

ಪ್ರೇಮಾಬಾಯಿ (ಅಡಿಗೆಮನೆಯಿಂದ): ಸವಿತಾ, ಅವರಿಗೆ ಏನೂ ಕೊಡಬ್ಯಾಡ. ಪೊರಿ ಬಂದದ್ದು ನನ್ನ ಕಣ್ಣಿಗೆ, ಕಿವಿಗಲ್ಲ. ಕಲೆ ಎಲ್ಲಾ ಇದ್ದಲ್ಲೆ ಇರಲಿ. ನಾ ಎಣಿಸಬೇಕಾಗ್ಯದ.